ನಿನ್ನ ಬಾವಿಯೊಳಗಿನವರು

9 ಜನವರಿ 2017

ಬನ್ನು,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಕಾಗದವಾದರೆ ಹರಿದು ಹಾಕುವುದಕ್ಕಾದರೂ ಕೈಗೆ ತೆಗೆದುಕೊಳ್ಳಬೇಕಲ್ಲ, ಹರಿಯುವ ಮುಂಚೆ ಎರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತದೆ ಎಂಬ ಆಸೆಯಿಂದ ಬರೆಯುತ್ತಿದ್ದೇನೆ. ಮೂವತ್ತೊಂದು ವರ್ಷ ಒಂದೇ ಗೋಡೆಯ ಆಚೆ ಈಚೆ ಬದುಕಿದವರು ನಾವು. ಆ ಕಡೆ ನಿನ್ನ ಬೇಕರಿ, ಈ ಕಡೆ ನನ್ನ ಡ್ರೈಕ್ಲೀನಿಂಗ್ ಅಂಗಡಿ. ಬೀದಿಯವರು ನಮ್ಮ ಹೆಸರು ಮರೆತು ನಿನ್ನನ್ನು ಬನ್ನು, ನನ್ನನ್ನು ಇಸ್ತ್ರಿ ಎಂದರು. ಕೊನೆಗೆ ನಾವೂ ಮರೆತೆವು. ಅಂಥವನು ಅಂಗಡಿ ಮುಚ್ಚಿ ತಂಗಿಯ ಊರಿಗೆ ಹೊರಟ ದಿನ ನನಗೆ ಒಂದು ಮಾತೂ ಹೇಳದೆ ಹೋದೆ.

ತಪ್ಪು ಎನ್ನುತ್ತಿಲ್ಲ. ನಿನ್ನ ಹೆಂಡತಿ, ನಮ್ಮ ಅತ್ತಿಗೆ, ಲಿವರ್ ಕೆಟ್ಟು ತೀರಿಕೊಂಡ ನಾಲ್ಕೇ ತಿಂಗಳಿಗೆ ನೀರಿನ ಕಚೇರಿಯವರು ಬಂದರು. ನನ್ನ ಯಂತ್ರದಲ್ಲಿ ಬಟ್ಟೆ ತೊಳೆಯುವ ದ್ರಾವಣ ನಿನ್ನ ಬಾವಿಯಲ್ಲಿ ಸಿಕ್ಕಿತು ಎಂದರು. ಕಾಂಕ್ರೀಟ್ ಮುಚ್ಚಳ ಹಾಕಿ ಬೀಗ ಜಡಿದರು. ಅದರಿಂದಲೇ ಆಯಿತು ಎಂದು ಡಾಕ್ಟರು ಹೇಳಲಿಲ್ಲ, ಅಲ್ಲ ಎಂದೂ ಹೇಳಲಿಲ್ಲ. ಆಮೇಲೆ ನಾವಿಬ್ಬರೂ ಬಾಗಿಲಲ್ಲಿ ಎದುರಾದಾಗ ಮಾತಾಡುವುದಕ್ಕೆ ಏನು ಉಳಿದಿತ್ತು ಹೇಳು.

ಈಗ ಸಮಾಚಾರಕ್ಕೆ ಬರುತ್ತೇನೆ. ನನ್ನ ಯಂತ್ರ ಗುಜರಿಗೆ ಹೋಯಿತು. ಹಿತ್ತಲಲ್ಲಿ ಒಂಬತ್ತು ಕೊಳವೆ ಇಳಿಸಿದ್ದಾರೆ. ಇದನ್ನೆಲ್ಲ ನೋಡಿಕೊಳ್ಳಲು ಒಬ್ಬ ಮೇಡಂ ಬಂದಿದ್ದಾರೆ. ವಯಸ್ಸು ಮೂವತ್ತರ ಆಸುಪಾಸು, ಕಾಲಿಗೆ ಮೊಣಕಾಲುದ್ದದ ರಬ್ಬರ್ ಬೂಟು. ನಾನು ಅವರಿಗೆ ನೀರಮ್ಮ ಎಂದು ಹೆಸರಿಟ್ಟಿದ್ದೇನೆ, ಎದುರಿಗೆ ಅನ್ನುವ ಧೈರ್ಯವಿಲ್ಲ. ಮೊನ್ನೆ ಅವರು ಆ ಕೊಳವೆಗಳಿಗೆ ಪೀಪಾಯಿಗಟ್ಟಲೆ ಕಾಕಂಬಿ ಸುರಿಸಿದರು. ಸಕ್ಕರೆ ಕಾರ್ಖಾನೆಯಲ್ಲಿ ಉಳಿಯುತ್ತದಲ್ಲ, ಆ ಕಪ್ಪು ಪಾಕ. ನನಗೆ ನಗು ಬಂತು.

"ವಿಷ ತೆಗೀರಿ ಅಂದ್ರೆ ಪಾಯಸ ಹಾಕ್ತಿದೀರಲ್ಲ ಮೇಡಂ?" ಎಂದೆ.

"ಕೆಳಗೆ ಕೆಲಸದವರಿದಾರೆ ಯಜಮಾನ್ರೇ. ಊಟ ಹಾಕ್ದೆ ಕೆಲಸ ಮಾಡಿ ಅಂದ್ರೆ ಆಗತ್ತಾ?"

ಕೆಲಸದವರು ಎಂದರೆ ಸೂಕ್ಷ್ಮಜೀವಿಗಳು. ಎಲ್ಲಿಂದಲೋ ತಂದು ಬಿಟ್ಟವಲ್ಲ, ಮೊದಲಿಂದಲೂ ನೆಲದಡಿ ಇದ್ದವಂತೆ. "ಹಾಗಾದ್ರೆ ನನ್ನ ದ್ರಾವಣಾನ ಅವು ತಿಂತಾವಾ?" ಎಂದು ಕೇಳಿದೆ. "ತಿನ್ನಲ್ಲ. ಉಸಿರಾಡ್ತಾವೆ. ನಾವು ಗಾಳಿ ಎಳ್ಕೋತೀವಲ್ಲ, ಹಾಗೆ ಅದನ್ನ ಎಳ್ಕೋತಾವೆ. ನಮ್ಮ ಗಾಳಿ ಸೋಕಿದ್ರೆ ಸಾಯ್ತಾವೆ" ಎಂದರು.

ಬನ್ನು, ನಾನು ಅವತ್ತು ಊಟಕ್ಕೆ ಕೂತರೂ ಅದನ್ನೇ ಯೋಚಿಸುತ್ತಿದ್ದೆ. ಯಾವುದರ ವಾಸನೆಗೆ ನಮ್ಮ ತಲೆ ತಿರುಗುತ್ತಿತ್ತೋ ಅದನ್ನು ಉಸಿರಾಡಿಕೊಂಡು ಬದುಕುವವರು ನಮ್ಮ ಕಾಲ ಕೆಳಗೇ ಇದ್ದರಂತೆ. ಇದನ್ನು ಹೇಳಬೇಕು ಎನಿಸಿದ್ದು ನಿನಗೇ.

ನಿನ್ನ
ಇಸ್ತ್ರಿ


14 ಮಾರ್ಚ್ 2017

ಬನ್ನು,

ಉತ್ತರ ಬರಲಿಲ್ಲ. ಕಾಗದ ವಾಪಸ್ಸೂ ಬರಲಿಲ್ಲ. ಅಷ್ಟನ್ನೇ ಒಳ್ಳೆಯದೆಂದು ಇಟ್ಟುಕೊಂಡಿದ್ದೇನೆ.

ನೀರಮ್ಮ ನನಗೆ ಪಾಠ ಮಾಡಿದರು. ನನ್ನ ಭಾಷೆಯಲ್ಲಿ ಹೇಳುವುದಾದರೆ, ದ್ರಾವಣದ ಒಂದೊಂದು ಕಣವೂ ನಾಲ್ಕು ಗುಂಡಿಯ ಕೋಟು ಇದ್ದ ಹಾಗೆ. ಗುಂಡಿ ಎಂದರೆ ಕ್ಲೋರಿನ್. ಈ ಜೀವಿಗಳು ಒಂದೊಂದೇ ಗುಂಡಿ ಕಿತ್ತು ಹಾಕುತ್ತವೆ. ನಾಲ್ಕು ಮೂರಾಗುತ್ತದೆ, ಮೂರು ಎರಡಾಗುತ್ತದೆ. ಎರಡರವರೆಗೆ ಕೀಳುವವರು ಬೇಕಾದಷ್ಟು ಜನ ಇದ್ದಾರಂತೆ. ಕೊನೆಯ ಗುಂಡಿ ಕೀಳುವುದು ಒಂದೇ ಒಂದು ಜಾತಿ. ಒಂದೇ ಗುಂಡಿ ಉಳಿದಾಗ ಅದು ಮೊದಲಿಗಿಂತ ಕೆಟ್ಟ ವಿಷ. ಆ ಜಾತಿ ಇಲ್ಲದಿದ್ದರೆ ಮಾಡಿದ ಕೆಲಸವೆಲ್ಲ ನೀರಲ್ಲಿ ಹೋಮ.

ನಮ್ಮಲ್ಲಿ ಅವು ಇವೆ, ಆದರೆ ಬೆರಳೆಣಿಕೆಯಷ್ಟು. ನಾಲ್ಕನೇ ಕೊಳವೆಯಲ್ಲಿ ಮಾತ್ರ ಸುಮಾರಾಗಿ ಬೆಳೆದಿವೆ. ನೀರಮ್ಮ ಆ ಕೊಳವೆಯನ್ನು ಬಸುರಿ ಮಗಳ ಹಾಗೆ ನೋಡಿಕೊಳ್ಳುತ್ತಾರೆ. ಅವರು ವಾರಕ್ಕೆ ಎರಡು ದಿನ ಬರುತ್ತಾರೆ, ಉಳಿದ ದಿನ ಕೀಲಿ ನನ್ನ ಹತ್ತಿರ. ಮುಚ್ಚಳ ಸರಿಯಿದೆಯಾ, ಹಿತ್ತಲಿಗೆ ಯಾರಾದರೂ ಬಂದರಾ ಎಂದು ನೋಡುವುದು ನನ್ನ ಕೆಲಸ. ಈ ವಯಸ್ಸಿನಲ್ಲಿ ನನಗೆ ನೌಕರಿ ಸಿಕ್ಕಿದೆ ನೋಡು.

ತೊಂದರೆ ಒಂದೇ. ಕೊಳವೆಯ ನೀರು ಕಪ್ಪಗಾಗಿ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತಿದೆ. ನಿನ್ನ ಅಂಗಡಿಗೆ ಬಾಡಿಗೆಗೆ ಬಂದಿರುವ ಟೈಲರಮ್ಮ ಕಿಟಕಿಯಿಂದಲೇ ನನಗೆ ಮಂಗಳಾರತಿ ಎತ್ತುತ್ತಾಳೆ. "ನಾತ ಬಂದ್ರೆ ಒಳ್ಳೇದು, ಅವು ಬದುಕಿವೆ ಅಂತ ಅರ್ಥ" ಎನ್ನುತ್ತಾರೆ ನೀರಮ್ಮ. ಕಲೆ ವಾಸನೆ ತೆಗೆಯುವುದೇ ಜೀವನವೆಂದು ಬದುಕಿದ ನನಗೆ ಇದನ್ನು ಸಹಿಸುವುದು ಕಷ್ಟವಾಗಿದೆ.

ಇಸ್ತ್ರಿ


18 ಏಪ್ರಿಲ್ 2017

ಬನ್ನು,

ನಾನು ಅವನ್ನು ಕೊಂದುಬಿಟ್ಟೆ.

ಹೋದ ಭಾನುವಾರ ಟೈಲರಮ್ಮನ ಮನೆಗೆ ನೆಂಟರು ಬಂದಿದ್ದರು. ನಾತ ಬೀದಿಗೆ ಬಡಿಯುತ್ತಿತ್ತು. ನಾಲ್ಕನೇ ಕೊಳವೆಯ ಮುಚ್ಚಳ ತೆಗೆದು ನೋಡಿದೆ. ಕಪ್ಪು ನೊರೆ ಬಾಯಿಯವರೆಗೆ ಬಂದಿತ್ತು. ಆಮೇಲೆ ಏನಾಯಿತೆಂದು ಕೇಳಿದರೆ ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಕೊಳೆ ಕಂಡ ತಕ್ಷಣ ನಲವತ್ತು ವರ್ಷದಿಂದ ನನ್ನ ಕೈ ತಾನೇ ಓಡುತ್ತದೆ. ಅಂಗಡಿಯ ಕಪಾಟಿನಲ್ಲಿ ಬ್ಲೀಚಿಂಗ್ ಪೌಡರ್ ಇತ್ತು. ಎರಡು ಬಕೆಟ್ ಕಲಸಿ ಸುರಿದೆ. ಕಾಲು ಗಂಟೆಯಲ್ಲಿ ನಾತ ಹೋಯಿತು. ನೊರೆ ಬೆಳ್ಳಗಾಯಿತು. ಚೊಕ್ಕಟವಾಯಿತು ಎಂದು ನೆಮ್ಮದಿಯಿಂದ ಚಹಾ ಕುಡಿದೆ.

ಸೋಮವಾರ ನೀರಮ್ಮ ಬಂದು ನೀರು ತೆಗೆದರು. ಬಣ್ಣ ನೋಡಿದರು, ಮೂಸಿದರು.

"ಯಜಮಾನ್ರೇ, ಇದಕ್ಕೆ ಏನ್ ಹಾಕಿದ್ರಿ?"

"ಬ್ಲೀಚಿಂಗ್ ಪೌಡರ್."

"ಎಷ್ಟು?"

"ಎರಡು ಬಕೆಟ್."

ಬೈದಿದ್ದರೆ ಚೆನ್ನಾಗಿತ್ತು. ಅವರು ಪೆಟ್ಟಿಗೆಯ ಮೇಲೆ ಕೂತು ಬೂಟು ಬಿಚ್ಚಿ, ಮತ್ತೆ ಹಾಕಿಕೊಂಡರು. ಮೂರು ತಿಂಗಳ ಕೆಲಸ ಹೋಗಿತ್ತು. ಕೊನೆಯ ಗುಂಡಿ ಕೀಳುವವರು ಇನ್ನು ಯಾವ ಕೊಳವೆಯಲ್ಲೂ ಇಲ್ಲ. ಬೇರೆ ಕಡೆಯಿಂದ ತರಿಸಬಹುದು, ಆದರೆ ಬೇರೆ ನೆಲದವು ಇಲ್ಲಿ ಒಗ್ಗುತ್ತವೆ ಎಂಬ ಖಾತರಿಯಿಲ್ಲವಂತೆ.

ನಿನ್ನೆ ಅವರು ಹಳೆಯ ಪರೀಕ್ಷೆಯ ಕಾಗದ ಹಿಡಿದುಕೊಂಡು ಬಂದರು. ನಿನ್ನ ಬಾವಿಗೆ ಮುಚ್ಚಳ ಹಾಕಿದ ದಿನ ತಳದಿಂದ ಒಂದು ಸೀಸೆ ಕೆಸರು ತೆಗೆದಿದ್ದರಂತೆ. ಆ ಕೆಸರಿನಲ್ಲಿ ಆ ಜಾತಿ ತುಂಬಿ ತುಳುಕುತ್ತಿತ್ತಂತೆ. ಅಷ್ಟು ಜೀವ ಅಲ್ಲಿ ಯಾಕೆ ಎಂದು ಆಗ ಯಾರೂ ಕೇಳಲಿಲ್ಲ. ಈಗ ಅಲ್ಲಿಂದ ಸ್ವಲ್ಪ ತಂದು ಹೆಪ್ಪು ಹಾಕಬೇಕು. ಮುಚ್ಚಳಕ್ಕೆ ಎರಡು ಬೀಗ ಇವೆಯಲ್ಲ, ಒಂದು ಕಚೇರಿಯದು, ಇನ್ನೊಂದು ನಿನ್ನದು. ನಿನ್ನ ಸಹಿ ಮತ್ತು ಕೀಲಿ ಇಲ್ಲದೆ ಅವರು ಮುಟ್ಟುವ ಹಾಗಿಲ್ಲ.

ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತಿದ್ದೇನೆ. ಬಾವಿ ತೆರೆಯಲು ಬಿಡು.

ಇಸ್ತ್ರಿ


2 ಮೇ 2017

ಇಸ್ತ್ರಿ,

ಮೂರು ಕಾಗದವೂ ಓದಿದೆ. ಹರಿಯಲಿಲ್ಲ.

ಸಹಿ ಹಾಕುವುದು ದೊಡ್ಡ ವಿಷಯವಲ್ಲ. ಮೊದಲು ಒಂದು ಮಾತು ಹೇಳು. ಅಂಗಡಿ ಮುಂದಿನ ಹಳೇ ಡ್ರಮ್ಮು ತುಕ್ಕು ಹಿಡಿದು ಸೋರಿತು ಎಂದು ಕಚೇರಿಗೆ ಬರೆದುಕೊಟ್ಟೆಯಲ್ಲ, ಸೋರಿದ್ದು ನಿಜವಾ?

ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ.

ಬನ್ನು


10 ಮೇ 2017

ಬನ್ನು,

ನಿನ್ನ ಕಾಗದ ಬಂದು ಐದು ದಿನವಾಯಿತು. ನಾಲ್ಕು ಸಲ ಬರೆಯಲು ಕೂತು ಎದ್ದೆ.

ಡ್ರಮ್ಮು ಸೋರಲಿಲ್ಲ. ಅದು ಈಗಲೂ ಗಟ್ಟಿಯಾಗಿದೆ.

ಯಂತ್ರದ ತಳದಲ್ಲಿ ವಾರಕ್ಕೊಂದು ಸಲ ಕಪ್ಪು ಗಸಿ ಕೂರುತ್ತಿತ್ತು. ಅದನ್ನು ಡ್ರಮ್ಮಿಗೆ ತುಂಬಿಸಿ, ತಿಂಗಳಿಗೊಮ್ಮೆ ಬರುವ ಲಾರಿಗೆ ಕೊಡಬೇಕಿತ್ತು. ಮೊದಮೊದಲು ಕೊಟ್ಟೆ. ಲಾರಿಯವನು ಹೇಳಿದ ದಿನಕ್ಕೆ ಬರುತ್ತಿರಲಿಲ್ಲ, ಡ್ರಮ್ಮು ಗಿರಾಕಿಗಳ ಕಾಲಿಗೆ ಅಡ್ಡವಾಗುತ್ತಿತ್ತು, ವಾಸನೆ ಎಂದು ಅವರು ಮೂಗು ಮುರಿಯುತ್ತಿದ್ದರು. ಒಂದು ದಿನ ಬಕೆಟ್ ತೆಗೆದುಕೊಂಡು ಹಿತ್ತಲಿಗೆ ಹೋಗಿ ಗೋಡೆ ಬುಡಕ್ಕೆ ಸುರಿದೆ. ನಮ್ಮಿಬ್ಬರ ನಡುವಿನ ಗೋಡೆಯ ಬುಡಕ್ಕೆ. ನಿನ್ನ ಬಾವಿ ಅಲ್ಲಿಂದ ಎಂಟು ಹೆಜ್ಜೆ. ನೆಲ ಅದನ್ನು ಕುಡಿದುಬಿಟ್ಟಿತು. ಐದು ನಿಮಿಷದಲ್ಲಿ ಕಲೆಯೂ ಉಳಿಯಲಿಲ್ಲ. ಕಲೆ ಇಲ್ಲವೆಂದ ಮೇಲೆ ಕೊಳೆ ಹೋಯಿತು ಎನ್ನುವುದೇ ನನ್ನ ಕಸುಬು ಕಲಿಸಿದ ಬುದ್ಧಿ.

ಇಪ್ಪತ್ತೆರಡು ವರ್ಷ ಸುರಿದೆ, ವಾರಕ್ಕೊಂದು ಬಕೆಟ್. ಅತ್ತಿಗೆ ಆ ಬಾವಿಯ ನೀರು ಕುಡಿಯುತ್ತಾರೆ ಎಂದು ಗೊತ್ತಿತ್ತು. ನೆಲದೊಳಗೆ ಹೋದದ್ದು ಬಾವಿಗೆ ಬರುತ್ತದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಯೋಚಿಸಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಕೊನೆಕೊನೆಗೆ ಬಕೆಟ್ ಎತ್ತುವಾಗ ನಿಮ್ಮ ಮನೆ ಕಡೆ ನೋಡುತ್ತಿರಲಿಲ್ಲ. ಗೊತ್ತಿಲ್ಲದವನು ಯಾಕೆ ನೋಡದೆ ಇರಬೇಕು?

ಅತ್ತಿಗೆ ಹೋದ ದಿನ ನಾನು ನಿನ್ನ ಪಕ್ಕದಲ್ಲೇ ಕೂತಿದ್ದೆ. ಅವತ್ತೂ ಹೇಳಲಿಲ್ಲ.

ಮೊನ್ನೆ ಕಚೇರಿಗೆ ಹೋಗಿ ಇದೆಲ್ಲ ಬರೆದುಕೊಟ್ಟೆ. ಕೇಸು ಹಾಕುತ್ತಾರಂತೆ, ಹಾಕಲಿ. ನೀರಮ್ಮನಿಗೂ ಹೇಳಿದೆ. ಅವರು ತಲೆ ತಗ್ಗಿಸಿ ಕೇಳಿ, "ಅದಕ್ಕೇ ನನ್ನ ಲೆಕ್ಕ ಹೊಂದ್ತಿರ್ಲಿಲ್ಲ" ಎಂದರು. ಡ್ರಮ್ಮು ಇದ್ದ ಕಡೆಯಿಂದ ವಿಷ ಹರಿಯುತ್ತಿದೆ ಎಂದು ನಂಬಿ ಕೊಳವೆಗಳನ್ನು ಹಿತ್ತಲಲ್ಲಿ ಆ ದಿಕ್ಕಿಗೇ ಹಾಕಿಸಿದ್ದರು, ಗೋಡೆ ಬುಡಕ್ಕಲ್ಲ. ನನ್ನ ಸುಳ್ಳಿನಿಂದ ಅವರು ಇನ್ನೂ ವರ್ಷಗಟ್ಟಲೆ ತಪ್ಪು ಜಾಗಕ್ಕೆ ಊಟ ಹಾಕುತ್ತಿದ್ದರೇನೋ.

ಸಹಿ ಹಾಕುವುದು ಬಿಡುವುದು ನಿನಗೆ ಸೇರಿದ್ದು.

ಇಸ್ತ್ರಿ


23 ಜುಲೈ 2017

ಇಸ್ತ್ರಿ,

ತಡವಾಯಿತು. ನನಗೆ ನಿನ್ನ ಹಾಗೆ ಉದ್ದುದ್ದ ಬರೆಯಲು ಬರುವುದಿಲ್ಲ.

ನೀನು ಬರೆದದ್ದು ನನಗೆ ಮೊದಲೇ ಗೊತ್ತಿತ್ತು. ನಿನ್ನ ಬಾಯಿಂದ ಬರುತ್ತದೆಯೇ ಎಂದು ಕೇಳಿದೆ.

ಅವಳು ಅಡುಗೆಮನೆಯಿಂದ ನಿನ್ನನ್ನು ನೋಡುತ್ತಿದ್ದಳು. "ಗೋಡೆ ಬುಡಕ್ಕೆ ಏನೋ ಸುರೀತಾರೆ ರೀ, ಮೂಗಿಗೆ ಬಡಿಯತ್ತೆ, ಹೋಗಿ ಕೇಳಿ" ಎಂದಳು. ಒಂದು ಸಲವಲ್ಲ, ಮೂರು ನಾಲ್ಕು ಸಲ. ಒಂದು ಬಕೆಟ್ ಕೊಳೆ ನೀರಿಗೋಸ್ಕರ ಸ್ನೇಹ ಕೆಡಿಸ್ಕೋಬೇಕಾ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ಆಮೇಲೆ ಅವಳು ಹೇಳುವುದು ಬಿಟ್ಟಳು.

ನಾನು ನಿನ್ನ ಮೇಲೆ ಸಿಟ್ಟು ಮಾಡಿಕೊಂಡು ಊರು ಬಿಟ್ಟೆ ಎಂದು ನೀನು ತಿಳಿದುಕೊಂಡಿದ್ದೀಯ. ಸಿಟ್ಟು ಇತ್ತು, ಈಗಲೂ ಇದೆ. ಆದರೆ ಬಿಟ್ಟದ್ದು ಅದಕ್ಕಲ್ಲ. ನಿನ್ನ ಮುಖ ಕಂಡಾಗಲೆಲ್ಲ ಅವಳು ಹೇಳಿದ್ದು ಕೇಳಿಸುತ್ತಿತ್ತು.

ಸಹಿ ಹಾಕಿದ ಕಾಗದವೂ ಕೀಲಿಯೂ ಇದರ ಜೊತೆಗಿವೆ. ಬಾವಿ ತೆರೆಯಲಿ.

ಬನ್ನು


16 ಆಗಸ್ಟ್ 2017

ಬನ್ನು,

ನೀನು ಬರೆದದ್ದನ್ನು ಓದಿ ಎರಡು ದಿನ ಬಾಗಿಲು ತೆಗೆಯಲಿಲ್ಲ. ಅದಕ್ಕೆ ಉತ್ತರ ಎಂದು ಏನು ಬರೆದರೂ ಸುಳ್ಳಾಗುತ್ತದೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ.

ಹೋದ ವಾರ ಬಾವಿ ತೆರೆದರು. ಮುಚ್ಚಳ ಸರಿಸಲು ಆರು ಜನ ಬೇಕಾಯಿತು. ಒಳಗಿನಿಂದ ತಣ್ಣನೆಯ ಉಸಿರು ಬಂತು. ನೀರಮ್ಮ ಉದ್ದನೆಯ ಕೊಳವೆ ಇಳಿಸಿ ತಳದ ಕೆಸರನ್ನು ಗಾಳಿ ಸೋಕದ ಹಾಗೆ ಸ್ಟೀಲ್ ಪೀಪಾಯಿಗೆ ಎಳೆದುಕೊಂಡರು. ಒಂದು ಚಮಚದಷ್ಟನ್ನು ಬೇರೆ ತೆಗೆದು ಕೆಸರು ಮುಟ್ಟಿದ ಬೆರಳುಗಳನ್ನು ಉಜ್ಜಿ ನೋಡಿದರು. "ಇಲ್ಲಿ ಏನ್ ಅಂಗಡಿ ಇತ್ತು?" ಎಂದು ಕೇಳಿದರು. ಬೇಕರಿ ಎಂದೆ.

ಅವರ ಮುಖ ಅರಳಿತು. ನಿನ್ನ ಹಿಟ್ಟಿನ ಧೂಳು ಬನ್ನು. ಮೂಟೆ ಝಾಡಿಸಿದ್ದು, ಮೇಜು ಒರೆಸಿದ್ದು, ಗಾಳಿಗೆ ಹಾರಿದ್ದು, ಎಲ್ಲವೂ ಅಷ್ಟಷ್ಟೇ ಬಾವಿಗೆ ಬಿದ್ದು ತಳದಲ್ಲಿ ಕೊಳೆತಿದೆ. ಊಟಕ್ಕೆ ಅದು, ಉಸಿರಿಗೆ ನನ್ನ ವಿಷ. ಎರಡೂ ಒಂದೇ ಕಡೆ ಸಿಕ್ಕ ಜಾಗ ಈ ಬೀದಿಯಲ್ಲಿ ಅದೊಂದೇ. ಯಾರೂ ಕೇಳದೆ, ಯಾರೂ ನೋಡದೆ, ಅವು ಅಲ್ಲಿ ಗುಂಡಿ ಕೀಳುತ್ತಾ ಕೂತಿದ್ದವು. ನಾನು ಸುರಿದಷ್ಟು ವೇಗಕ್ಕೆ ಅವುಗಳ ಕೈ ಸಾಗಲಿಲ್ಲ, ಅಷ್ಟೇ.

ಅವತ್ತು ಸಂಜೆ ಕಚೇರಿಗೆ ಕರೆದುಕೊಂಡು ಹೋಗಿ ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಕಪ್ಪಿನಲ್ಲಿ ಹಸಿರು ಚುಕ್ಕೆಗಳು, ಕಾಣಲಿ ಎಂದು ಬಣ್ಣ ಹಾಕಿದ್ದಾರಂತೆ. ಆ ಚಮಚದಲ್ಲಿ ನಮ್ಮ ಊರಿನ ಜನಕ್ಕಿಂತ ಹೆಚ್ಚು ಇವೆ. "ಮನುಷ್ಯ ಈ ದ್ರಾವಣ ಮಾಡೋಕೆ ಶುರು ಮಾಡಿ ನೂರು ವರ್ಷ ಚಿಲ್ಲರೆ. ಇವು ನಮಗಿಂತ ಎಷ್ಟೋ ಹಳಬರು" ಎಂದರು. ನನ್ನ ಬಕೆಟ್ಟಿಗೆ ಕಾದುಕೊಂಡಿದ್ದವರ ಹಾಗೆ ಇವು ಮೊದಲೇ ಇಲ್ಲಿದ್ದವೇ ಎಂದು ಕೇಳಿದೆ. "ಕಾದಿರ್ಲಿಲ್ಲ. ಇದ್ದವು" ಎಂದರು. ನನಗೆ ಕಣ್ಣು ತುಂಬಿ ಬಂತು, ಚುಕ್ಕೆಗಳು ಕಲಸಿಹೋದವು. ಕೈ ಮುಗಿದೆ. ಮುಗಿದದ್ದು ಮೇಡಂಗೋ, ಚುಕ್ಕೆಗಳಿಗೋ, ಯಾರಿಗೆಂದು ನನಗೇ ಗೊತ್ತಾಗಲಿಲ್ಲ.

ಗೋಡೆ ಬುಡದ ಮಣ್ಣನ್ನು ಎರಡು ಲಾರಿ ತುಂಬ ಅಗೆದು ಒಯ್ದರು. ಹೊಸ ಕೊಳವೆಗಳನ್ನು ಅಲ್ಲೇ ಇಳಿಸಿ, ನಿನ್ನ ಬಾವಿಯವರನ್ನು ಅವುಗಳೊಳಗೆ ಬಿಟ್ಟಿದ್ದಾರೆ. ನನ್ನ ಬ್ಲೀಚಿಂಗ್ ಪೌಡರ್ ಡಬ್ಬ ಅವರೇ ಎತ್ತಿಕೊಂಡು ಹೋದರು.

ಇಸ್ತ್ರಿ


5 ಅಕ್ಟೋಬರ್ 2017

ಇಸ್ತ್ರಿ,

ನಿನ್ನ ಸ್ವಭಾವ ಗೊತ್ತು, ಹೊಸ ಕೊಳವೆಗಳ ಮುಚ್ಚಳ ತೆಗೆದು ತೆಗೆದು ನೋಡಬೇಡ. ಹುಳಿ ಹಿಟ್ಟನ್ನು ಹೊಸ ಪಾತ್ರೆಗೆ ಹಾಕಿದಾಗಲೂ ಅಷ್ಟೇ, ಮೊದಲ ದಿನಗಳಲ್ಲಿ ಏನೂ ಆಗದ ಹಾಗೆ ಕಾಣುತ್ತದೆ. ಸತ್ತಿತು ಎಂದು ಚೆಲ್ಲುವವರೇ ಜಾಸ್ತಿ. ಚಳಿಗೆ ಅದು ಸಾಯುವುದಿಲ್ಲ, ಮಂಕಾಗುತ್ತದೆ. ಬಿಸಿಲು ಬಂದ ಮೇಲೆ ಏಳುತ್ತದೆ. ಮೇಡಂಗೂ ಹೇಳು.

ಹಿಟ್ಟಿನ ವಿಷಯ ತಂಗಿಗೆ ಓದಿ ಹೇಳಿದೆ. ಆ ಮೂಟೆ ಝಾಡಿಸುತ್ತಿದ್ದವಳು ಅವಳು, ನಿನ್ನ ಅತ್ತಿಗೆ. ನಾನಲ್ಲ.

ಬನ್ನು


20 ಏಪ್ರಿಲ್ 2018

ಬನ್ನು,

ನೀನು ಹೇಳಿದ ಹಾಗೇ ಆಯಿತು. ಚಳಿಗಾಲ ಪೂರ್ತಿ ಒಂದೂ ಅಲುಗಾಡಲಿಲ್ಲ. ಫೆಬ್ರವರಿ ಕೊನೆಗೆ ನಾಲ್ಕು ಗುಂಡಿಯದು ಇಳಿಯಿತು, ಮೂರರದು, ಎರಡರದು ಇಳಿಯಿತು. ಒಂದೇ ಗುಂಡಿಯದು ಮಾತ್ರ ಏರುತ್ತಾ ಹೋಯಿತು. ಅದೇ ಎಲ್ಲಕ್ಕಿಂತ ಕೆಟ್ಟದ್ದು ಎಂದಿದ್ದೆನಲ್ಲ. ಐದು ವಾರ ಏರಿತು. ನೀರಮ್ಮ ನನ್ನ ಹತ್ತಿರ ಮಾತು ಕಡಿಮೆ ಮಾಡಿದರು. ಇನ್ನೂ ದೊಡ್ಡ ವಿಷ ಮಾಡಿ ಇಟ್ಟೆನೇ ಎಂದು ನನಗೆ ಅನ್ನ ಸೇರಲಿಲ್ಲ.

ಇವತ್ತು ಬೆಳಿಗ್ಗೆ ಅವರು ಗೇಟಿನಿಂದಲೇ ಕೈಯಾಡಿಸುತ್ತಾ ಬಂದರು. "ಇಳೀತಿದೆ ಯಜಮಾನ್ರೇ. ಬರೀ ಇಳೀತಿಲ್ಲ, ಕೊನೇದು ಬಂದಿದೆ." ಎಲ್ಲ ಗುಂಡಿ ಕಿತ್ತ ಮೇಲೆ ಉಳಿಯುವುದು ಒಂದು ಗಾಳಿ. ಯಾವ ಗಾಳಿ ಗೊತ್ತಾ? ಹಣ್ಣು ಮಾಗುವಾಗ ಬಿಡುವುದು. ಒಂದು ಬಾಳೆಹಣ್ಣು ಪಕ್ಕದಲ್ಲಿಟ್ಟರೆ ಕಾಯಿಯೂ ಹಣ್ಣಾಗುತ್ತದಲ್ಲ, ಅದೇ ಗಾಳಿ. ಕಿತ್ತ ಗುಂಡಿಗಳು ನೀರಿನಲ್ಲಿ ಉಪ್ಪಾಗಿ ಸೇರಿಕೊಳ್ಳುತ್ತವೆ, ಒಂದು ಚಿಟಿಕೆಯಷ್ಟು.

ಇಪ್ಪತ್ತೆರಡು ವರ್ಷದ ನನ್ನ ಬಕೆಟ್ಟುಗಳು ಹಣ್ಣಿನ ಗಾಳಿಯಾಗಿ ಹೋಗುತ್ತಿವೆ ಬನ್ನು. ನಾನು ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕೂತು ನೆಲದ ಮೇಲೆ ಅಂಗೈ ಇಟ್ಟೆ. ಏನೂ ಗೊತ್ತಾಗುವುದಿಲ್ಲ. ಬಿಸಿಲಿಗೆ ಕಾದ ಮಣ್ಣು ಅಷ್ಟೇ. ನೆಲ ಎಂದರೆ ಸತ್ತ ವಸ್ತು ಎಂದು ಅದರ ಮೇಲೆ ಒಂದು ಜನ್ಮ ಓಡಾಡಿದೆನಲ್ಲ ಎನಿಸಿತು.

ಇಸ್ತ್ರಿ


11 ನವೆಂಬರ್ 2019

ಬನ್ನು,

ಇದರ ಜೊತೆ ಕಚೇರಿಯ ಕಾಗದದ ನಕಲು ಇದೆ. ಮೂರು ಸಲ, ಮೂರು ತಿಂಗಳ ಅಂತರದಲ್ಲಿ, ನಿನ್ನ ಬಾವಿಯ ನೀರು ಪರೀಕ್ಷೆಯಲ್ಲಿ ಪಾಸಾಗಿದೆ. ಕುಡಿಯಲು ಯೋಗ್ಯ ಎಂದು ಬರೆದು ಮೊಹರು ಹಾಕಿದ್ದಾರೆ. ನಿನ್ನೆ ಎರಡೂ ಬೀಗ ತೆಗೆದು ಮುಚ್ಚಳ ಒಯ್ದರು.

ಬೀದಿಯವರೆಲ್ಲ ನಿಂತು ನೋಡಿದರು, ಯಾರೂ ಹತ್ತಿರ ಬರಲಿಲ್ಲ. ಅವರೆಲ್ಲ ಹೋದ ಮೇಲೆ ಮಧ್ಯಾಹ್ನ ನಾನೇ ಒಂದು ಕೊಡ ಸೇದಿದೆ. ಲೋಟಕ್ಕೆ ಬಗ್ಗಿಸಿ ಮೆಟ್ಟಿಲ ಮೇಲೆ ಇಟ್ಟುಕೊಂಡು ಕೂತೆ. ತಿಳಿಯಾಗಿತ್ತು. ವಿಷ ಇದ್ದಾಗಲೂ ಹೀಗೇ ತಿಳಿಯಾಗಿತ್ತು. "ಕುಡೀರಿ, ಏನೂ ಆಗಲ್ಲ" ಎಂದು ನೀರಮ್ಮ ತಾವೇ ಒಂದು ಲೋಟ ಕುಡಿದು ತೋರಿಸಿದರು. ಅವರ ಮೇಲೆ ನಂಬಿಕೆಯಿದೆ, ಕೆಳಗಿನವರ ಮೇಲೆ ಅದಕ್ಕಿಂತ ಹೆಚ್ಚು ನಂಬಿಕೆಯಿದೆ. ಆದರೂ ನಾನು ಕುಡಿಯಲಿಲ್ಲ, ಹೆದರಿಕೆಯಿಂದ ಬಿಟ್ಟದ್ದಲ್ಲ. ತುಟಿಗೆ ತಂದಾಗ, ನಮ್ಮಿಬ್ಬರಲ್ಲಿ ಇದನ್ನು ಮೊದಲು ಕುಡಿಯುವ ಹಕ್ಕು ನನಗೆಲ್ಲಿದೆ ಎನಿಸಿತು.

ಸಂಜೆಯವರೆಗೆ ಕೂತಿದ್ದೆ. ಲೋಟಕ್ಕೆ ತಟ್ಟೆ ಮುಚ್ಚಿ ಒಳಗಿಟ್ಟಿದ್ದೇನೆ.

ಇಸ್ತ್ರಿ


19 ನವೆಂಬರ್ 2019

ಇಸ್ತ್ರಿ,

ಮುಚ್ಚಿಟ್ಟ ನೀರು ಚೆಲ್ಲು.

ಮುಂದಿನ ವಾರ ಗುರುವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಾನು ಬಂದ ಮೇಲೆ ಹೊಸದಾಗಿ ಸೇದೋಣ. ಕ್ಷಮಿಸಿದೆ ಎಂದು ಬರೆಯಲು ಆಗುತ್ತಿಲ್ಲ. ಅವಳು ಇದ್ದಿದ್ದರೆ ಅವಳು ಹೇಳಬೇಕಾದ ಮಾತು ಅದು, ನನ್ನದಲ್ಲ. ನನ್ನನ್ನು ಕ್ಷಮಿಸುವುದಕ್ಕೂ ಅವಳೇ ಬೇಕಿತ್ತು.

ಸುರಿದವನು ನೀನು, ಕೇಳದೆ ಬಿಟ್ಟವನು ನಾನು. ಮೊದಲು ಯಾರು ಕುಡಿಯಬೇಕು ಎಂದು ನಾಲ್ಕು ದಿನ ಯೋಚಿಸಿದೆ, ಬಗೆಹರಿಯಲಿಲ್ಲ.

ಎರಡು ಲೋಟ ತೊಳೆದಿಡು.

ಬನ್ನು